ಅಣ್ಣ ಮುಚ್ಚದೆ ಬಿಟ್ಟ ತೂತು

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಿಂದ ನಿಪ್ಪಾಣಿ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೂ ನನ್ನ ಅಣ್ಣನದೂ ಕೂಡಿ ಒಂದು ಅಂಗಡಿ ಇತ್ತು. ಗಾಡಿಗಳ ವೈರಿಂಗು, ಬ್ಯಾಟರಿ, ಹಾರ್ನು, ದೀಪ, ಇವೇ ನಮ್ಮ ಕೆಲಸ. ಅಂಗಡಿಗೆ ಮೂರು ಕಡೆ ತಗಡು, ಮುಂದೆ ಒಂದು ಬೇವಿನ ಮರ. ಅಣ್ಣ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತು ಕೆಲಸ ಮಾಡುತ್ತಿದ್ದ. ನಾನು ಒಳಗೆ ಮೇಜಿನ ಹಿಂದೆ ನಿಂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದೆ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಮಿರಜಿಗೆ ಹೋಗಿ, ಒಬ್ಬ ಉಸ್ತಾದನ ಕೈಕೆಳಗೆ ಹತ್ತು ವರ್ಷ ದುಡಿದು ಕೆಲಸ ಕಲಿತಿದ್ದ. ನನ್ನನ್ನು ಬೆಳಗಾವಿಯಲ್ಲಿ ಐಟಿಐ ಓದಿಸಿದವನು ಅವನೇ. ಓದಿ ಬಂದ ಮೇಲೆ ಅವನಿಗಿಂತ ನನಗೆ ಹೆಚ್ಚು ಗೊತ್ತಿದೆ ಎಂದು ನನಗೆ ಅನಿಸತೊಡಗಿತು. ಅವನಿಗೂ ಹಾಗೆಯೇ ಅನಿಸುತ್ತಿತ್ತು, ಅದು ಇನ್ನೂ ಕೆಟ್ಟದ್ದಾಯಿತು. ಯಾರಾದರೂ ಹೊಸ ಮಾದರಿಯ ಗಾಡಿ ತಂದರೆ, "ತಡೀರಿ, ನಮ್ಮ ತಮ್ಮ ಕಲತಾಂವ ಅದಾನ, ಅವನ್ನ ಕೇಳೂಣು" ಎಂದು ನನ್ನ ಕಡೆ ನೋಡುತ್ತಿದ್ದ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ರಸ್ತೆಗಳಲ್ಲಿ ಸಣ್ಣ ಸಣ್ಣ ಕಾರುಗಳು ಓಡಾಡತೊಡಗಿದ್ದವು. ಡಾಕ್ಟರು, ತಂಬಾಕಿನ ವ್ಯಾಪಾರಿ, ಕಬ್ಬಿನ ಹೊಲದ ಸಾಹುಕಾರ, ಎಲ್ಲರ ಮನೆಯ ಮುಂದೆಯೂ ಒಂದೊಂದು. ಅವುಗಳ ಮುಂದಿನ ದೀಪ ಹಳೆಯ ಜೀಪಿನಂತೆ ದುಂಡಗಿರಲಿಲ್ಲ, ಚೌಕಾಗಿತ್ತು. ಮುಂದೆ ಗಾಜು, ಹಿಂದೆ ಬೆಳ್ಳಿಯಂತೆ ಹೊಳೆಯುವ ಬಟ್ಟಲು, ಎರಡನ್ನೂ ಅಂಟಿಸಿರುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹೋಗುವಾಗ ಕಲ್ಲು ಸಿಡಿದು ಆ ಗಾಜು ಒಡೆಯುವುದು ದಿನದ ಮಾತು. ಕಂಪನಿಯ ದೀಪ ಬೇಕೆಂದರೆ ಕೊಲ್ಲಾಪುರದಿಂದ ತರಿಸಬೇಕು, ಹತ್ತು ದಿನ ಕಾಯಬೇಕು. ಹಾಗಾಗಿ ಹೆಚ್ಚಿನವರು ಡುಪ್ಲಿಕೇಟ್ ಮಾಲು ಹಾಕಿಸುತ್ತಿದ್ದರು. ನೋಡಲು ಎರಡೂ ಒಂದೇ. ಆದರೆ ಡುಪ್ಲಿಕೇಟಿನ ಅಂಟು ಕಚ್ಚಿ ಹಿಡಿಯುತ್ತಿರಲಿಲ್ಲ. ಮೊದಲ ಮಳೆಗೇ ಒಳಗೆ ನೀರು ಇಳಿಯುತ್ತಿತ್ತು. ಗಾಜಿನ ಒಳಮೈ ಬೆಳ್ಳಗೆ ಹಬೆ ಕಟ್ಟಿ, ದೀಪ ಹಚ್ಚಿದರೂ ಬೆಳಕು ಮುಂದೆ ಹೋಗದೆ ಅಲ್ಲೇ ನಿಲ್ಲುತ್ತಿತ್ತು. ಕೆಲವು ದಿನ ಹಾಗೇ ಬಿಟ್ಟರೆ ಬಟ್ಟಲಿನ ಹೊಳಪು ಸಿಪ್ಪೆ ಏಳುತ್ತಿತ್ತು.

ಆ ಕೆಲಸದಲ್ಲಿ ಅಣ್ಣನಿಗೆ ಹೆಸರು ಬಂತು. ಅವನು ದೀಪ ಬಿಚ್ಚಿ, ಬಲ್ಬು ತೆಗೆದು, ಅಂಟಿರುವ ಅಂಚನ್ನು ಬಿಸಿಲಿಗೆ ಹಿಡಿದು ಮೆತ್ತಗಾಗಲು ಬಿಡುತ್ತಿದ್ದ. ಬಿಸಿಲಿಲ್ಲದ ದಿನ ವೈನಿ, ಅಣ್ಣನ ಹೆಂಡತಿ, ಮನೆಯಿಂದ ಬಿಸಿನೀರು ಕಾಯಿಸಿ ಕೊಡುತ್ತಿದ್ದರು, ಅದರಲ್ಲಿ ಅರಿವೆ ಅದ್ದಿ ಸುತ್ತುತ್ತಿದ್ದ. ಆಮೇಲೆ ತೆಳ್ಳಗಿನ ಪಟ್ಟಿಯೊಂದನ್ನು ತೂರಿಸಿ, ಗಾಜಿಗೆ ಒಂದು ಗೀರೂ ಬೀಳದಂತೆ ಬಿಡಿಸುತ್ತಿದ್ದ. ಹಳೆಯ ಅಂಟನ್ನು ಉಗುರಿನಲ್ಲಿ ಕೆರೆದು ತೆಗೆದು, ಒಳಗೆಲ್ಲ ಒಣಗಿಸಿ, ಸಿಲಿಕಾನ್ ಪೇಸ್ಟನ್ನು ಒಂದೇ ದಾರದಂತೆ ಸುತ್ತ ಎಳೆಯುತ್ತಿದ್ದ. ಗಾಜು ಕೂಡಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಮರುದಿನದವರೆಗೆ ಮುಟ್ಟುತ್ತಿರಲಿಲ್ಲ. ಗಿರಾಕಿ ಅವಸರ ಮಾಡಿದರೆ, "ಒಣಗಲಿರಿ, ಅದನ್ನ ಅವಸರ ಮಾಡಾಕ ಬರೂದಿಲ್ಲ" ಎನ್ನುವುದಷ್ಟೇ ಅವನ ಮಾತು.

ಒಂದು ಮಳೆಗಾಲದಲ್ಲಿ ಇಬ್ಬರು ಮೂವರು ಗಿರಾಕಿಗಳು ಬಂದು, ಮುಂಜಾನೆ ಗಾಡಿ ತೆಗೆಯುವಾಗ ಗಾಜಿನೊಳಗೆ ಸಣ್ಣಗೆ ಹಬೆ ಕಾಣುತ್ತದೆ, ಅರ್ಧ ತಾಸಿನಲ್ಲಿ ಹೋಗುತ್ತದೆ ಎಂದರು. ತಕರಾರು ಮಾಡಲಿಲ್ಲ, ಹೇಳಿದರಷ್ಟೇ. ಆದರೆ ನನಗೆ ಅದು ಮುಳ್ಳು ಚುಚ್ಚಿದಂತಾಯಿತು. ಅಣ್ಣ ಮಾಡಿಟ್ಟ ಒಂದು ದೀಪವನ್ನು ತೆಗೆದು ತಿರುಗಿಸಿ ನೋಡಿದೆ. ಬೆನ್ನಿನಲ್ಲಿ, ಬಲ್ಬಿನ ರಬ್ಬರ್ ಟೋಪಿಯ ಕೆಳಗೆ, ಸೂಜಿಗಿಂತ ಸ್ವಲ್ಪ ದೊಡ್ಡದೊಂದು ತೂತು ಹಾಗೇ ತೆರೆದಿತ್ತು.

"ಅಣ್ಣ, ಇದನ್ಯಾಕ ಬಿಟ್ಟಿ?" ಎಂದು ಕೇಳಿದೆ.

"ಅದು ಹಂಗ ಇರಬೇಕು."

"ಯಾಕ?"

"ನಮ್ಮ ಉಸ್ತಾದ ಅದನ್ನ ಮುಚ್ಚತಿದ್ದಿಲ್ಲ."

"ನಿಮ್ಮ ಉಸ್ತಾದ ಯಾಕ ಮುಚ್ಚತಿದ್ದಿಲ್ಲ?"

ಅಣ್ಣ ತಲೆ ಎತ್ತಿದ. "ನಾ ಕೇಳಿಲ್ಲ ನೋಡು" ಎಂದು ಮತ್ತೆ ತನ್ನ ಕೆಲಸಕ್ಕೆ ಬಾಗಿದ.

ಆ ಉತ್ತರ ನನಗೆ ನಗೆ ತರಿಸಿತು. ನೀರು ಬರಬಾರದು ಎಂದು ಸುತ್ತ ಪೇಸ್ಟು ಎಳೆದು, ಹಿಂದೆ ತೂತು ಬಿಡುವುದೆಂದರೆ ಏನರ್ಥ ಎಂದುಕೊಂಡೆ. ಅಣ್ಣನ ಎದುರು ವಾದ ಮಾಡಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಹೋದಾಗ ಆ ತೂತಿಗೆ ಒಂದು ಹನಿ ಪೇಸ್ಟು ಹಾಕಿ ಬೆರಳಿನಿಂದ ಒರೆಸಿದೆ. ಪೇಸ್ಟಿಗೆ ಬಣ್ಣವಿರಲಿಲ್ಲ, ನೋಡಿದರೆ ತಿಳಿಯುತ್ತಿರಲಿಲ್ಲ. ಮರುದಿನ ಬಕೆಟ್ಟಿನ ನೀರಿನಲ್ಲಿ ದೀಪ ಮುಳುಗಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ನನ್ನ ಓದು ಸಾರ್ಥಕವಾಯಿತು ಎಂದು ಹಿಗ್ಗಿದೆ.

ಅಂದಿನಿಂದ ಅದೇ ರೂಢಿಯಾಯಿತು. ಅಣ್ಣ ದೀಪ ಕೂಡಿಸಿ ಊಟಕ್ಕೆ ಹೋಗುವುದು, ನಾನು ಹಿಂದಿನಿಂದ ತೂತು ಮುಚ್ಚುವುದು. ಅವನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಿದ್ದ, ಕಾರಣ ಕೊಡುತ್ತಿರಲಿಲ್ಲ. ಅಷ್ಟಕ್ಕೇಕೆ ಮಾತು ಎಂದುಕೊಂಡೆ.

ಎರಡನೆಯ ಮಳೆಗಾಲಕ್ಕೆ ದೀಪಗಳು ವಾಪಸು ಬರತೊಡಗಿದವು. ಈ ಸಲ ಸಣ್ಣ ಹಬೆಯಲ್ಲ. ಗಾಜಿನ ಒಳಗೆ ಹನಿಗಳು ಸಾಲುಗಟ್ಟಿ ನಿಂತಿದ್ದವು, ಕೆಳಗೆ ನೀರು ಕೂಡಿತ್ತು, ದಿನವಿಡೀ ಬಿಸಿಲಿನಲ್ಲಿ ನಿಂತರೂ ಹೋಗುತ್ತಿರಲಿಲ್ಲ. ನಾಲ್ಕು ತಿಂಗಳಿನಲ್ಲಿ ಬಟ್ಟಲುಗಳು ಹಾಳಾದವು. ಗಿರಾಕಿಗಳು ಅಣ್ಣನ ಎದುರು ದೀಪ ಇಟ್ಟು, "ಏನ್ರಿ ಉಸ್ತಾದ್, ಹಿಂಗ್ಯಾಕ ಆತು?" ಎನ್ನುತ್ತಿದ್ದರು. ಅಣ್ಣ ತಿರುಗಿಸಿ ಮುರುಗಿಸಿ ಅಂಚು ನೋಡುತ್ತಿದ್ದ. ಅಂಚು ಸರಿಯಾಗಿರುತ್ತಿತ್ತು. ಅವನಿಗೆ ತಿಳಿಯುತ್ತಿರಲಿಲ್ಲ. ನಾನು ಅವನ ಕೈಯಿಂದ ದೀಪ ತೆಗೆದುಕೊಂಡು, "ಬಿಡು, ನಾ ನೋಡ್ತೀನಿ" ಎಂದು ಒಳಗೆ ಒಯ್ಯುತ್ತಿದ್ದೆ. ಬಿಚ್ಚಿ ಒಣಗಿಸಿ, ಇನ್ನೂ ದಪ್ಪಗೆ ಪೇಸ್ಟು ಬಳಿದು, ಮತ್ತೆ ಎಲ್ಲವನ್ನೂ ಮುಚ್ಚಿ ಕೊಡುತ್ತಿದ್ದೆ. ತೂತಿನ ಮೇಲೆ ನನಗೆ ಒಂದು ಸಲವೂ ಸಂಶಯ ಬರಲಿಲ್ಲ. ಅಣ್ಣನ ಮೇಲೆ ಬಂತು.

ಒಮ್ಮೆ ಅವನು ಗಾಜು ಎತ್ತಿ ಕೂಡಿಸುವುದನ್ನು ಒಳಗಿನಿಂದ ನೋಡುತ್ತ ನಿಂತಿದ್ದೆ. ಪೇಸ್ಟಿನ ಮೇಲೆ ಗಾಜು ಇಳಿಸುವ ಮೊದಲು ಅವನ ಬೆರಳುಗಳು ಸ್ವಲ್ಪ ಅಲುಗಿದವು. ಒದ್ದೆ ಪೇಸ್ಟಿನ ಮೇಲೆ ಗಾಜು ಇಳಿಸುವಾಗ ಯಾರ ಬೆರಳುಗಳಾದರೂ ಅಷ್ಟು ಅಲುಗುತ್ತವೆ. ಇದು ನನಗೆ ಈಗ ಗೊತ್ತು. ಆಗ, ಇದೇ ಕಾರಣ, ಕೈ ನಡುಗುತ್ತಿದೆ, ಕೂಡಿಕೆ ತಪ್ಪುತ್ತಿದೆ ಎಂದು ನಿಶ್ಚಯ ಮಾಡಿದೆ.

ಶಿರಗುಪ್ಪಿಯ ಜೈನ ರೈತರೊಬ್ಬರು ನಮ್ಮ ಹಳೆಯ ಗಿರಾಕಿ. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅವರ ಬಿಳಿಯ ಕಾರಿನ ದೀಪ ಮೂರನೆಯ ಸಲ ನೀರು ಹಿಡಿದಾಗ ಅವರೇ ಗಾಡಿ ತಂದರು. ಸಂಜೆ ನಾಲ್ಕರ ಸುಮಾರು. ಅಂಗಡಿಯ ಮುಂದೆ ಇನ್ನೂ ಇಬ್ಬರು ಡ್ರೈವರುಗಳು ಕೂತಿದ್ದರು. ಅಣ್ಣ ಮರದ ಕೆಳಗೆ ಬೇರೊಂದು ದೀಪದ ಗಾಜು ಹಿಡಿದುಕೊಂಡಿದ್ದ.

"ಮೂರ ಸಲ ಆತ್ರಿ" ಎಂದರು ಅವರು. "ಸಿಟ್ಟಿಲ್ಲ ನಂಗ. ಆದ್ರ ಏನ ಅನ್ನೂದು ತಿಳೀವಲ್ದು. ಮೊದಲ ಮಾಡಿದ್ದು ಐದ ವರ್ಷ ಬಂತು."

ನಾನು ಅಣ್ಣ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. "ಅಣ್ಣನ ಕೈ ಈಗ ಮೊದಲಿನಂಗ ಇಲ್ರಿ. ನಡಗತಾವ. ಇನ್ನ ಮ್ಯಾಲ ಗಾಜಿನ ಕೆಲಸ ನಾನ ಮಾಡ್ತೀನಿ."

ಡ್ರೈವರುಗಳು ಅಣ್ಣನ ಕಡೆ ತಿರುಗಿ ನೋಡಿದರು. ಅಣ್ಣ ಗಾಜನ್ನು ಗೋಣಿಚೀಲದ ಮೇಲೆ ಇಟ್ಟ. ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಹಿಡಿದು ನೋಡಿದ. ಶಿರಗುಪ್ಪಿಯವರಿಗೆ ಮುಜುಗರವಾಯಿತು. "ಇರ್ಲಿ ಬಿಡ್ರಿ, ವಯಸ್ಸು ಎಲ್ಲಾರಿಗೂ ಆಗತೈತಿ" ಎಂದರು. ಅಣ್ಣನಿಗೆ ಆಗ ನಲವತ್ತಮೂರು ವರ್ಷ. ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಿ ಊಟ ಮಾಡಬೇಕೆಂದು ಅವರು ದೀಪ ಬಿಟ್ಟು ಹೊರಟುಹೋದರು. ಅಣ್ಣ ಅರ್ಧಕ್ಕೆ ನಿಂತ ಕೆಲಸವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ.

"ಇದೂ ನೀನ ಮಾಡಿಬಿಡು ತಮ್ಮಾ" ಎಂದ. ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾವು ಜಗಳವಾಡುತ್ತಿದ್ದೆವು. ಜಗಳದಲ್ಲಿ ತೂತಿನ ಮಾತು ಬರುತ್ತಿತ್ತೋ ಏನೋ.

ಅದಾದ ಮೇಲೆ ಅವನು ಗಾಜು ಮುಟ್ಟಲಿಲ್ಲ. ವೈರು ಎಳೆಯುವುದು, ಬ್ಯಾಟರಿಗೆ ನೀರು ಹಾಕುವುದು, ಇಷ್ಟೇ. ಒಬ್ಬನೇ ಇದ್ದಾಗ ಕೈ ಮುಂದೆ ಚಾಚಿ ಬೆರಳುಗಳನ್ನು ನೋಡುತ್ತಿದ್ದ. ಚಹಾದ ಬಸಿ ಹಿಡಿದರೆ ಅದರೊಳಗಿನ ಚಹಾವನ್ನು ದಿಟ್ಟಿಸುತ್ತಿದ್ದ. ನಾನು ಕಂಡೂ ಕಾಣದವನಂತೆ ಇದ್ದೆ.

ದೀಪಾವಳಿ ಆದ ಮೇಲೆ ಒಂದು ದಿನ, ಅಲಖನೂರಿಗೆ ಹೋಗುತ್ತೇವೆ ಎಂದ. ಅದು ವೈನಿಯ ತವರು. ಅಲ್ಲಿ ವೈನಿಯ ತಮ್ಮನ ಕಬ್ಬಿನ ಹೊಲಕ್ಕೆ ನೀರು ಬಿಡಲು, ಪಂಪು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅಣ್ಣ ವೈನಿಗೆ ಮಕ್ಕಳಿರಲಿಲ್ಲ, ಇಬ್ಬರೇ, ಒಂದು ಟ್ರಂಕು, ಎರಡು ಚೀಲ. ಬಸ್ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. "ಹೋಗಬ್ಯಾಡ ಅಣ್ಣ" ಎಂದು ಒಂದು ಸಲ ಹೇಳಿದೆ. ಒಂದೇ ಸಲ. ವೈನಿ ನನ್ನ ಮುಖ ನೋಡಿದರು, ಎರಡನೆಯ ಸಲ ಹೇಳುತ್ತಾನೇನೋ ಎನ್ನುವಂತೆ. ಅಷ್ಟರಲ್ಲಿ ರಾಯಬಾಗದ ಬಸ್ಸು ಬಂತು.

ಮುಂದಿನ ಮಳೆಗಾಲದಲ್ಲಿ ಎಲ್ಲ ದೀಪಗಳನ್ನೂ ಮೊದಲಿನಿಂದ ಕೊನೆಯವರೆಗೆ ನಾನೇ ಮಾಡಿದೆ. ನನ್ನ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ಆದರೂ ಅವು ನೀರು ಹಿಡಿದವು. ಪೇಸ್ಟು ಕೆಟ್ಟದ್ದು ಎಂದು ಬೇರೆ ಪೇಸ್ಟು ತರಿಸಿದೆ. ಅದೂ ಅಷ್ಟೇ. ಆಗಲೂ ನಾನು ತೂತಿನ ಕಡೆ ನೋಡಲಿಲ್ಲ ಎಂದರೆ ಈಗ ನನಗೇ ನಂಬಲಾಗುವುದಿಲ್ಲ.

ಕೊಲ್ಲಾಪುರದಿಂದ ಬಿಡಿಭಾಗ ಮಾರಲು ಬರುವ ಒಬ್ಬ ಮರಾಠಿ ಮನುಷ್ಯನಿದ್ದ. ಒಂದು ದಿನ ಅವನು ಕಂಪನಿಯದೇ ಒಂದು ಜೋಡಿ ದೀಪ ತಂದು ಮೇಜಿನ ಮೇಲೆ ಇಟ್ಟ. ತಿರುಗಿಸಿ ನೋಡಿದೆ. ಬೆನ್ನಿನಲ್ಲಿ, ಅಣ್ಣ ತೂತು ಬಿಡುತ್ತಿದ್ದ ಜಾಗದಲ್ಲೇ, ಕಿರುಬೆರಳಿನಷ್ಟು ಸಣ್ಣದೊಂದು ರಬ್ಬರಿನ ಕೊಳವೆ ಕೆಳಮುಖವಾಗಿ ಬಾಗಿತ್ತು. ಇದೇನು ಎಂದೆ.

"ಹೇ ಬಂದ್ ಕರಾಯಚ ನಾಹಿ" ಎಂದ ಅವನು. ಇದನ್ನು ಮುಚ್ಚಬಾರದು. ಆಮೇಲೆ ತನ್ನ ಹರಕು ಮುರುಕು ಕನ್ನಡದಲ್ಲಿ ಬಿಡಿಸಿ ಹೇಳಿದ. ಬಲ್ಬು ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಹೋಗಿ ಬರಲು ದಾರಿ ಬೇಕು. ದಾರಿ ಮುಚ್ಚಿದರೆ ಆ ಗಾಳಿ ಬಲ್ಬಿನ ಸಂದಿಯಿಂದ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ, ಆ ತೇವಕ್ಕೆ ಹೊರಗೆ ಹೋಗಲು ಜಾಗ ಇರುವುದಿಲ್ಲ. ದಾರಿ ತೆರೆದಿದ್ದರೆ ಮುಂಜಾನೆ ಸ್ವಲ್ಪ ಹಬೆ ಕಂಡರೂ ತಾನೇ ಆರಿಹೋಗುತ್ತದೆ. ಇಷ್ಟು ಹೇಳಿ ಅವನು ಚಹಾ ಕುಡಿದ. ನಾನು ನನ್ನ ಲೋಟವನ್ನು ಮುಟ್ಟಲಿಲ್ಲ.

ಅವನು ಹೋದ ಮೇಲೆ ಅಂಗಡಿಗೆ ಬಾಗಿಲು ಹಾಕಿ ಊರಿನ ಡಾಕ್ಟರೊಬ್ಬರ ಮನೆಗೆ ಹೋದೆ. ಅವರ ಕಾರಿನ ದೀಪವನ್ನು ಅಣ್ಣ ಮಾಡಿದ್ದು ನನಗೆ ನೆನಪಿತ್ತು. ಆ ವಾರ ನಾನು ಮದುವೆಗೆಂದು ಅಥಣಿಗೆ ಹೋಗಿದ್ದೆ, ಹಾಗಾಗಿ ಅದರ ತೂತು ಮುಚ್ಚಿರಲಿಲ್ಲ. ಕಾರು ಅಂಗಳದಲ್ಲಿ ನಿಂತಿತ್ತು. ಮೂರು ಮಳೆಗಾಲ ಕಂಡ ಗಾಜು, ಒಳಗೆ ಒಂದು ಕಲೆಯೂ ಇರಲಿಲ್ಲ. ಡಾಕ್ಟರು ಹೊರಗೆ ಬಂದು, "ಏನ್ ನೋಡಾಕತ್ತೀರಿ? ನಿಮ್ಮ ಅಣ್ಣಾರು ಮಾಡಿದ್ದು. ಆರಾಮ ಅದಾರೇನು ಅವರು?" ಎಂದು ಕೇಳಿದರು. ಅದಾರ್ರಿ ಎಂದೆ.

ಅಲಖನೂರಿಗೆ ಹೋಗಲು ನನಗೆ ಒಂದು ತಿಂಗಳು ಹಿಡಿಯಿತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಅಣ್ಣ ಪಂಪಿನ ಮನೆಯ ಮುಂದೆ ಕಟ್ಟೆಯ ಮೇಲೆ ಕೂತಿದ್ದ. ಇಳಿದುಹೋಗಿದ್ದ, ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ಕಂಡು ಅವನಿಗಾದ ಸಂತೋಷ ನೋಡಿ ನನ್ನ ಮಾತು ಅರ್ಧ ಸತ್ತಿತು. "ಬಾ ಬಾ, ಬಿಸಿಲಾಗ ಯಾಕ ಬಂದಿ" ಎಂದು ಕೈ ಹಿಡಿದು ನೆರಳಿಗೆ ಕರೆದ. ನನ್ನ ಮಕ್ಕಳ ಬಗ್ಗೆ ಕೇಳಿದ, ಬೇವಿನ ಮರದ ಬಗ್ಗೆ ಕೇಳಿದ, ಯಾವ ಗಿರಾಕಿ ಬರುತ್ತಾನೆ ಯಾವನು ಬಿಟ್ಟ ಎಂದು ಕೇಳಿದ.

"ಅಣ್ಣ, ಅಂಗಡಿಗೆ ಬಂದುಬಿಡು" ಎಂದೆ.

"ಬ್ಯಾಡೋ."

"ಗಾಜಿನ ಕೆಲಸ ನೀನ ಮಾಡಬೇಕು. ನನ್ನ ಕೈಲೆ ಆಗವಲ್ದು."

"ನನ್ನ ಕೈಲೆ ಹೆಂಗ ಆಗತೈತಿ?" ಎಂದು ನಕ್ಕ. "ಈ ಕೈ ಮ್ಯಾಲ ನನಗ ಭರೋಸಾ ಇಲ್ಲ. ಇಲ್ಲಿ ಬಟನ್ ಒತ್ತೂದು, ಬಂದ್ ಮಾಡೂದು. ಇಷ್ಟ ಸಾಕು."

ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. ವೈನಿ ರೊಟ್ಟಿ, ಝುಣಕ, ಉಳ್ಳಾಗಡ್ಡಿ ಹಿಡಿದು ಬಂದರು. ಮೂವರೂ ಊಟ ಮಾಡಿದೆವು. ಊಟ ಮುಗಿಯುವುದರಲ್ಲಿ ಕರೆಂಟು ಬಂತು, ನೀರು ತಿರುಗಿಸಲು ಅಣ್ಣ ಎದ್ದ. ಕಬ್ಬಿನ ಸಾಲಿನೊಳಗೆ ಹೋಗುತ್ತ, "ನಾಕ ಗಂಟೆ ಬಸ್ ತಪ್ಪಿಸಬ್ಯಾಡ, ಅದರ ಹಿಂದ ಮತ್ತೊಂದಿಲ್ಲ" ಎಂದ. ನಾನು ಬಸ್ಸು ತಪ್ಪಿಸಲಿಲ್ಲ. ಮುಂದಿನ ಸಲ ಹೇಳಿದರಾಯಿತು, ಹಬ್ಬಕ್ಕೆ ಬಂದಾಗ ಹೇಳಿದರಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಅವನ ಸಿಟ್ಟಿನ ಹೆದರಿಕೆ ಇರಲಿಲ್ಲ. ಅವನು ಸಿಟ್ಟಾಗುವುದಿಲ್ಲ ಎಂಬುದೇ ಹೆದರಿಕೆಯಾಗಿತ್ತು.

ಹಬ್ಬಕ್ಕೆ ಎರಡು ವಾರ ಇರುವಾಗ ಪಕ್ಕದ ಎಸ್‌ಟಿಡಿ ಬೂತಿನವರು ಬಂದು ಫೋನು ಬಂದಿದೆ ಎಂದು ಕರೆದರು. ಮುಂಜಾನೆ ನೀರು ಬಿಡಲು ಹೋದ ಅಣ್ಣ ಬದುವಿನ ಮೇಲೆ ಕೂತವನು ಏಳಲಿಲ್ಲವಂತೆ. ಎದೆ ನೋವು ಎಂದು ಯಾರಿಗೂ ಹೇಳಿರಲಿಲ್ಲ. ನಾವು ಹೋಗುವ ಹೊತ್ತಿಗೆ ನಮ್ಮ ಪದ್ಧತಿಯಂತೆ ಹೆಣವನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಕೈಗಳನ್ನು ಮಡಿಲಲ್ಲಿ ಇಟ್ಟಿದ್ದರು. ಮಣ್ಣು ಮಾಡಿ ಬಂದೆವು.

ದಿನದ ಕಾರ್ಯ ಮುಗಿದ ಮರುದಿನ ಬಂದವರೆಲ್ಲ ಹೋದರು. ವೈನಿ ಹಿತ್ತಲಿನಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದರು. ನಾನು ಹೋಗಿ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ತೂತು, ಪೇಸ್ಟು, ಅವನು ಊಟಕ್ಕೆ ಹೋದಾಗ ನಾನು ಮಾಡಿದ್ದು, ಶಿರಗುಪ್ಪಿಯವರ ಎದುರು ನಾನು ಆಡಿದ್ದು, ಕೊಲ್ಲಾಪುರದವನು ಹೇಳಿದ್ದು. ವೈನಿ ಕೈಯ ಕೆಲಸ ನಿಲ್ಲಿಸದೆ ಕೇಳಿದರು. ಕಲ್ಲು ಆರಿಸುತ್ತಲೇ ಇದ್ದರು. ಕೊನೆಗೆ ಮೊರವನ್ನು ಪಕ್ಕಕ್ಕೆ ಇಟ್ಟರು.

"ಅವರ ಕೈ ಸರಿ ಇದ್ದೂವು?" ಎಂದು ಕೇಳಿದರು.

"ಸರಿ ಇದ್ದೂವು ವೈನಿ."

"ನಾ ದಿನಾ ಹೇಳತಿದ್ದೆ. ನಂಬಲಿಲ್ಲ." ಸೆರಗಿಗೆ ಅಂಟಿದ ಹೊಟ್ಟು ಕೊಡವಿ ಮುಂದುವರಿಸಿದರು. "ದಿನಾ ಮುಂಜಾನಿ ಎದ್ದ ಕೂಡಲೆ ನನ್ನ ಸೂಜಿ ಇಸಗೊಂಡು ದಾರ ಪೋಣಸತಿದ್ರು. ಕೈ ನೋಡಾಕ. ಒಮ್ಮಿ ಪೋಣಿಸಿ, ತಗದು, ಮತ್ತೊಮ್ಮಿ. ಎಂದೂ ತಪ್ಪಲಿಲ್ಲ ತಮ್ಮಾ. ಆದ್ರ, ಇವತ್ತ ಬಂತು, ನಾಳೆ ಬರೂದಿಲ್ಲ ಅಂತಿದ್ರು. ಹೋದ ದಿನಾನೂ ಪೋಣಿಸಿಟ್ಟ ಹೋಗ್ಯಾರ."

ನನಗೆ ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವರ ಕಾಲಿನ ಕಡೆ ನೋಡುತ್ತ ಕೂತೆ.

"ಅವರಿಗೆ ಹೇಳೂ ಮಾತ ನನಗ ತಂದು ಹೇಳಿದಿ" ಎಂದರು ವೈನಿ. "ನಾ ಇದನ್ನ ಎಲ್ಲಿ ಇಡಲಿ?" ಕೂಗಲಿಲ್ಲ, ಬೈಯಲಿಲ್ಲ. ಜೋಳವನ್ನು ಎತ್ತಿಕೊಂಡು ಒಳಗೆ ಹೋದರು. ಸಂಜೆ ನಾನು ಹೊರಡುವಾಗ ಚಹಾ ಕೊಟ್ಟರು, ಬುತ್ತಿ ಕಟ್ಟಿಕೊಟ್ಟರು.

ಮರುವಾರ ಶಿರಗುಪ್ಪಿಗೆ ಹೋಗಿ ಆ ಹಿರಿಯರಿಗೂ ಹೇಳಿ ಬಂದೆ. ತಪ್ಪು ಅಣ್ಣನದಲ್ಲ, ನನ್ನದು ಎಂದೆ. "ಒಳ್ಳೆ ಮನಷ್ಯಾ" ಎಂದಷ್ಟೇ ಹೇಳಿದರು, ನನ್ನ ಬಗ್ಗೆ ಅಲ್ಲ. ಆ ಇಬ್ಬರು ಡ್ರೈವರುಗಳನ್ನು ಹುಡುಕಿದೆ. ಒಬ್ಬನು ಕಾಗವಾಡದ ಕಡೆ ಎಲ್ಲೋ ಗಾಡಿ ಹೊಡೆಯುತ್ತಾನೆ ಎಂದರು. ಸಿಗಲಿಲ್ಲ. ಇನ್ನೊಬ್ಬನಿಗೆ ಆ ಸಂಜೆಯೇ ನೆನಪಿರಲಿಲ್ಲ.

ವೈನಿ ಅಲಖನೂರಿನಲ್ಲೇ ಉಳಿದರು. ವರ್ಷಕ್ಕೆ ಎರಡು ಸಲ ನಾನು ಹೋಗಿ ಬರುತ್ತೇನೆ. ಕಬ್ಬಿನ ಮಾತು, ಮೊಣಕಾಲಿನ ಮಾತು ಆಡುತ್ತಾರೆ. ಆ ಮಾತನ್ನು ಮತ್ತೆ ಎತ್ತಿಲ್ಲ. ನನ್ನ ಮಕ್ಕಳ ಮದುವೆಗಳಿಗೆ ಬಂದರು, ಅಕ್ಕಿಕಾಳು ಹಾಕಿದರು. ಆದರೆ ಅಂದೇ ಸಂಜೆಯ ಬಸ್ಸಿಗೆ ಹೊರಟರು. ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಉಳಿದಿಲ್ಲ. ವೈನಿ ಯಾಕೆ ಉಳಿಯುವುದಿಲ್ಲ ಎಂದು ನನ್ನ ಹೆಂಡತಿ ಪ್ರತಿ ಸಲವೂ ಕೇಳುತ್ತಾಳೆ. ಹೊಲದ ಕೆಲಸ ಇರುತ್ತದೆ ಎಂದು ನಾನು ಹೇಳುತ್ತೇನೆ.